ಮುನಿಹನುಮಯ್ಯನ ಮಣ್ಣು

ನಾನು ಕೆಲಸಕ್ಕೆ ಸೇರಿದ ದಿನ ಜೋರು ಮಳೆ ಬರುತ್ತಿತ್ತು ಎಂದು ಬಹಳ ಕಾಲದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಮ್ಮ ಕಚೇರಿ ಚಾಮರಾಜಪೇಟೆಯ ಒಂದು ಬಾಡಿಗೆ ಮನೆಯಲ್ಲಿತ್ತು. ಜಗಲಿಯಲ್ಲಿ ನಿಂತು ಕೊಡೆ ಮಡಿಸುತ್ತಿದ್ದಾಗ ಮೇಲಧಿಕಾರಿ ಶ್ಯಾಮರಾಯರು ಹೊರಗೆ ಬಂದರು. ರಸ್ತೆಯ ಪಕ್ಕದ ಚರಂಡಿಯಲ್ಲಿ ಕೆಂಪಗೆ ಹರಿಯುತ್ತಿದ್ದ ನೀರನ್ನು ತೋರಿಸಿ, "ಏನ್ ಕಾಣ್ತಿದೆ ಹೇಳಿ" ಎಂದರು.

"ಮಳೆ ನೀರು ಸಾರ್."

"ಅಲ್ಲ. ಯಾರದೋ ಹೊಲ ನಡ್ಕೊಂಡ್ ಹೋಗ್ತಿದೆ. ಅದನ್ನ ನಿಲ್ಸೋದೇ ನಿಮ್ಮ ಕೆಲಸ. ಒಳಗೆ ಬನ್ನಿ, ಕಾಫಿ ಕುಡೀರಿ."

ಚೆನ್ನಾಗಿದೆ, ಅಲ್ಲವೆ? ನನ್ನ ಅನುಮಾನ ಶುರುವಾಗುವುದೇ ಅಲ್ಲಿಂದ. ಇಷ್ಟು ಅಂದವಾಗಿ ಯಾವುದೂ ನಡೆಯುವುದಿಲ್ಲ. ನನ್ನ ತಂಗಿಯನ್ನು ಕೇಳಿದರೆ, ನಾನು ಕೆಲಸಕ್ಕೆ ಸೇರಿದ್ದು ರಾಮನವಮಿಯ ಆಸುಪಾಸಿನಲ್ಲಿ, ಸುಡುಬಿಸಿಲಿನಲ್ಲಿ, ಅಮ್ಮ ಕೊಟ್ಟ ಪಾನಕ ಕುಡಿದು ಹೊರಟೆ ಎನ್ನುತ್ತಾಳೆ. ಪಾನಕದ ನೆನಪು ನನಗೂ ಇದೆ. ಹಾಗಾದರೆ ಆ ಕೆಂಪು ನೀರು ಮುಂದಿನ ಯಾವುದೋ ಮಳೆಗಾಲದ್ದಿರಬೇಕು. ಅಥವಾ ರಾಯರು ಬೇರೆ ಯಾರಿಗೋ ಹೇಳಿದ್ದನ್ನು ನಾನು ನನ್ನದಾಗಿ ಮಾಡಿಕೊಂಡಿರಬೇಕು. ಕಾಲೇಜಿನಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ. ಚೀಟಿ ಇಲ್ಲದ ಸೀಸೆಯಲ್ಲಿ ಏನಿದ್ದರೂ ಚೆಲ್ಲಿಬಿಡು ಎನ್ನುವುದು ಅಲ್ಲಿ ಕಲಿಸುವ ಮೊದಲ ಪಾಠ. ನೆನಪುಗಳಿಗೆ ಚೀಟಿ ಅಂಟಿಸಿಟ್ಟವರು ಯಾರು? ಆದರೂ ಚೆಲ್ಲಲು ಮನಸ್ಸು ಬರುವುದಿಲ್ಲ. ಹಾಗಾಗಿ, ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರೇ, ಕೆಳಗಿನದನ್ನು ಓದುವಾಗ ಒಂದು ಚಿಟಿಕೆ ಅಪನಂಬಿಕೆ ಸೇರಿಸಿಕೊಂಡೇ ಓದಿ. ಒಂದೇ ಒಂದು ವಿಷಯದಲ್ಲಿ ಮಾತ್ರ ಅದು ಬೇಕಾಗುವುದಿಲ್ಲ.

ಯುದ್ಧ ಮುಗಿದು, ಸ್ವಾತಂತ್ರ್ಯ ಬಂದ ಹೊಸತರ ಕಾಲ ಅದು. ರೈತರ ಹೊಲದ ಮಣ್ಣು ಕೊಚ್ಚಿಹೋಗದಂತೆ, ಸಾರ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸುವುದು, ಗೊಬ್ಬರದ ಬಗ್ಗೆ ಹೇಳುವುದು, ಮಣ್ಣು ಪರೀಕ್ಷೆ ಮಾಡುವುದು, ಇಷ್ಟೇ. ರೈತರೆಂದರೆ ದೂರದ ಹಳ್ಳಿಯವರೇ ಎಂದುಕೊಳ್ಳಬೇಡಿ. ಆಗ ಬಸವನಗುಡಿಯ ಕೊನೆಯ ಮನೆ ದಾಟಿದರೆ ರಾಗಿ ಹೊಲ. ಕೆಂಪಾಂಬುಧಿ ಕೆರೆಯ ಕೆಳಗೆಲ್ಲ ಸೊಪ್ಪಿನ ಮಡಿಗಳು. ಬೆಳಿಗ್ಗೆ ಕಿತ್ತ ಹರಿವೆ ಬಿಸಿಲೇರುವ ಮೊದಲೇ ನಮ್ಮ ಅಡುಗೆಮನೆಗೆ ಬರುತ್ತಿತ್ತು.

ಶ್ಯಾಮರಾಯರು ಸೈಕಲ್ಲಿನ ಅಡ್ಡಕಂಬಿಗೆ ಒಂದು ಗುದ್ದಲಿ ಕಟ್ಟಿಕೊಂಡೇ ಓಡಾಡುತ್ತಿದ್ದರು. ಪಂಚೆ, ಕೋಟು, ಪೇಟ, ಜೊತೆಗೆ ಗುದ್ದಲಿ. ಗಾಂಧಿ ಬಜಾರಿನ ಹುಡುಗರು ಹಿಂದಿನಿಂದ ಕೂಗುತ್ತಿದ್ದರು. ಅವರು ತಿರುಗಿ ನೋಡುತ್ತಲೂ ಇರಲಿಲ್ಲ. ಹೊಲಕ್ಕೆ ಹೋದರೆ ಒಂದು ಮುಷ್ಟಿ ಮಣ್ಣನ್ನು ಒದ್ದೆ ಮಾಡಿ, ಅಂಗೈಯಲ್ಲಿ ಹೊಸೆದು ದಾರದಂತೆ ಮಾಡಿ, ಹೆಬ್ಬೆರಳಿಗೆ ಉಂಗುರ ಸುತ್ತುವರು. ಉಂಗುರ ನಿಂತರೆ ಜೇಡಿ, ಮುರಿದರೆ ಮರಳು, ಬಿರುಕು ಬಿಟ್ಟೂ ನಿಂತರೆ ನಡುವಿನದು. ನಾಲ್ಕಾರು ವರ್ಷಗಳ ಮೇಲೆ ಗಾಜಿನ ಕೊಳವೆಗಳೂ ಬಣ್ಣ ಬದಲಿಸುವ ದ್ರಾವಣಗಳೂ ಬಂದವು. ನನಗೆ ಹಬ್ಬ. ಸಾಮಾನ್ಯವಾಗಿ ಎರಡರ ಉತ್ತರವೂ ಒಂದೇ ಆಗಿರುತ್ತಿತ್ತು. ಬೇರೆಯಾದಾಗ ನಾನು ಕೊಳವೆಯನ್ನು ನಂಬಿದೆ, ರಾಯರು ಉಂಗುರವನ್ನು ನಂಬಿದರು, ರೈತ ಎರಡನ್ನೂ ನಂಬದೆ, "ಅದಿರ್ಲಿ, ಮಳೆ ಯಾವಾಗ ಬತ್ತದೆ ಸೋಮಿ?" ಎಂದು ಕೇಳಿದ.

ಆ ಸೊಪ್ಪಿನ ತೋಟಗಳ ನಡುವೆ ಒಂದು ತುಂಡು ನೆಲ ಮಾತ್ರ ಬೋಳಾಗಿತ್ತು. ಅದು ಪೇಟೆಯ ದಿನಸಿ ವ್ಯಾಪಾರಿ ಚನ್ನಬಸಪ್ಪನವರದು. ಯುದ್ಧದ ಕಾಲದಲ್ಲಿ ಎಲ್ಲೆಲ್ಲೂ ಕಟ್ಟಡ ಏಳುತ್ತಿದ್ದಾಗ ಅವರು ಅಲ್ಲಿನ ಮೇಲ್ಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಟ್ಟಿದ್ದರು. ಆಗ ಎಲ್ಲರೂ ಹಾಗೆ ಮಾಡುತ್ತಿದ್ದರು. ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ಹೊಲದ ಚರ್ಮ ಸುಲಿದ ಮೇಲೆ ಉಳಿದದ್ದು ಕೆಂಪನೆಯ ಗಟ್ಟಿ ನೆಲ. ಅದನ್ನು ಗೇಣಿಗೆ ಹಿಡಿದವನು ಮುನಿಹನುಮಯ್ಯ. ಅವನ ಹೆಂಡತಿ ಗೌರಮ್ಮ ನಮ್ಮ ಬೀದಿಗೆ ಸೊಪ್ಪು ಮಾರಲು ಬರುತ್ತಿದ್ದವಳು. ಆಗ ಅವಳು ಬೇರೆಯವರ ತೋಟದ ಸೊಪ್ಪನ್ನು ಕೊಂಡು ಮಾರುತ್ತಿದ್ದಳು.

ಮೊದಲ ಸಲ ರಾಯರೊಂದಿಗೆ ಅಲ್ಲಿಗೆ ಹೋದಾಗ ಮುನಿಹನುಮಯ್ಯ ಗುದ್ದಲಿ ಎತ್ತಿ ಒಂದೇಟು ಹಾಕಿ ತೋರಿಸಿದ. ಠಣ್ ಎಂದಿತು.

"ನೋಡಿ ಸೋಮಿ, ನೆಲ ಅಳಾಕಿಲ್ಲ, ಗುದ್ಲೀನೇ ಅಳ್ತದೆ."

"ನಾನ್ ಹೇಳ್ದೆ, ಬ್ಯಾಡ ಕಣಯ್ಯಾ ಈ ನೆಲ ಅಂತ," ಎಂದಳು ಗೌರಮ್ಮ. "ಕಿವಿ ಇದ್ರಲ್ವಾ ಇವಪ್ಪಂಗೆ? ಅಗ್ಗ ಅಂತ ಒಪ್ಕಂಡ. ಕಲ್ಲೂ ಅಗ್ಗಾನೇ, ತಿನ್ನಾಕಾಯ್ತದಾ?"

ಅವರ ಪರಿಸ್ಥಿತಿ ಸರಳವಾಗಿತ್ತು. ಬೆಳೆ ಬಂದರೆ ತೋಟ ಉಳಿಯುತ್ತಿತ್ತು. ಬಾರದಿದ್ದರೆ ಶ್ರೀರಾಂಪುರದಲ್ಲಿ ಅವನ ಅಣ್ಣನ ಮನೆಗೆ ಸೇರಿಕೊಂಡು ಗಿರಣಿ ಕೂಲಿಗೆ ಹೋಗಬೇಕಿತ್ತು. ಅಣ್ಣ ಕರೆಯುತ್ತಲೇ ಇದ್ದ. "ಗಿರಣಿ ಕೂಗು ಹೊಡೆದ್ರೆ ಎದ್ದು ಓಡೋ ಬಾಳು ನಂಗ್ ಬ್ಯಾಡ" ಎಂದು ಗೌರಮ್ಮ ಹಟ ಹಿಡಿದಿದ್ದಳು.

ಆ ದಿನಗಳಲ್ಲಿ ನಮ್ಮ ಊರಿನ ಕಸದಿಂದ ಗೊಬ್ಬರ ಮಾಡುವ ಒಂದು ಕ್ರಮ ಬಳಕೆಗೆ ಬರುತ್ತಿತ್ತು. ಉದ್ದನೆಯ ಹೊಂಡಗಳಲ್ಲಿ ಬೀದಿಯ ಕಸ ಒಂದು ಪದರ, ಪಾಯಖಾನೆಯ ಹೊಲಸು ಒಂದು ಪದರ, ಹೀಗೆ ತುಂಬಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಬಿಟ್ಟರೆ ಒಳಗೇ ಬಿಸಿಯೇರಿ ಬೆಂದು, ಕೊನೆಗೆ ಕಪ್ಪನೆಯ, ಪುಡಿಪುಡಿಯಾದ, ವಾಸನೆಯೇ ಇಲ್ಲದ ಗೊಬ್ಬರ ಸಿಗುತ್ತಿತ್ತು. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅದು ಸೊಗಸಾದ ಕೆಲಸ. ಆದರೆ ಹೊಂಡ ತುಂಬಿದವರು ನಾವಲ್ಲ. ಊರಿನ ಹೊಲಸನ್ನು ತಲೆಯ ಮೇಲೆ ಹೊತ್ತು ತಂದವರ ಬಗ್ಗೆ ನಮ್ಮ ವರದಿಗಳಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ. ಹೊಗಳಿಕೆ ಬಂದಾಗ ನಾವು ಹಂಚಿಕೊಂಡೆವು. ಈ ಬರಹದಲ್ಲಿ ಹೆಮ್ಮೆ ಬಹಳ ಕಡೆ ಬರುತ್ತದೆ, ಈ ಜಾಗದಲ್ಲಿ ಮಾತ್ರ ಬರುವುದಿಲ್ಲ.

ಗೊಬ್ಬರ ಅಗ್ಗವಾಗಿತ್ತು, ಕೊಳ್ಳುವವರಿರಲಿಲ್ಲ. ಮುನಿಹನುಮಯ್ಯನಿಗೆ ಬೇರೆ ದಾರಿ ಇರಲಿಲ್ಲ. ಗಾಡಿಗಟ್ಟಲೆ ತಂದು ಸುರಿದ, ಕೆಂಪು ನೆಲವನ್ನು ಹಾರೆಯಿಂದ ಎಬ್ಬಿಸಿ ಬೆರೆಸಿದ. ಮೊದಲ ಬೆಳೆ ಸುಮಾರಾಗಿತ್ತು. ಎರಡನೆಯದಕ್ಕೆ ಹರಿವೆ, ದಂಟು, ಮೂಲಂಗಿ ಎಲ್ಲ ಮೊಣಕಾಲೆತ್ತರ ಎದ್ದು ನಿಂತವು. ಗೌರಮ್ಮ ಮೊದಲ ಬಾರಿ ತನ್ನದೇ ಸೊಪ್ಪನ್ನು ಬುಟ್ಟಿಯಲ್ಲಿ ಹೊತ್ತು ಬಸವನಗುಡಿಗೆ ಬಂದಳು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಯಾರೋ ಯಾರಿಗೋ, ಆ ತೋಟಕ್ಕೆ ಹಾಕಿರುವುದು ಎಂಥ ಗೊಬ್ಬರ ಎಂದು ಹೇಳಿಬಿಟ್ಟರು.

ಮೊದಲು ಬಾಗಿಲು ಹಾಕಿದವರಲ್ಲಿ ನನ್ನ ತಾಯಿಯೂ ಒಬ್ಬರು.

"ಇವತ್ತು ಬೇಡ ಗೌರಮ್ಮ."

"ಯಾಕ್ರಮ್ಮ? ನೆನ್ನೆನೂ ಬ್ಯಾಡ ಅಂದ್ರಿ."

"ಏಕಾದಶಿ ಕಣೇ."

"ನೆನ್ನೆನೂ ಏಕಾದಶಿ, ಇವತ್ತೂ ಏಕಾದಶಿ! ಹಿಂಗೇ ಆದ್ರೆ ನಿಮ್ಮ ದೇವ್ರು ಸಣ್ಣಗಾಗೋಯ್ತಾನೆ ಕಣ್ರಮ್ಮ."

ನಾನು ಒಳಗಿನಿಂದ ಬಂದು, ಹೊಂಡದ ಬಿಸಿಯಲ್ಲಿ ಏನೆಲ್ಲ ಸಾಯುತ್ತದೆ, ಏನೆಲ್ಲ ಬೇರೆಯಾಗುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ನಿನ್ನ ಬಿಎಸ್ಸಿ ನಡುಮನೆವರೆಗೂ ಬರ್ಲಿ. ಅಡಿಗೆಮನೆ ಹೊಸಿಲು ದಾಟೋದು ಬೇಡ" ಎಂದರು.

ಸೊಪ್ಪು ಬುಟ್ಟಿಯಲ್ಲೇ ಬಾಡತೊಡಗಿತು. ಮಣ್ಣು ಎದ್ದಿತ್ತು, ಬೆಳೆ ಎದ್ದಿತ್ತು, ಕೊಳ್ಳುವವರಿರಲಿಲ್ಲ. ಮುನಿಹನುಮಯ್ಯ ಕಚೇರಿಗೆ ಬಂದು ಜಗಲಿಯಲ್ಲಿ ಕುಳಿತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರಾಯರು ಒಂದು ಪ್ರದರ್ಶನ ಮಾಡಿಸಲು ಹೊರಟರು. ಬಸವನಗುಡಿಯ ಒಂದು ಸಭಾಂಗಣ, ಅಲ್ಲಿ ಸಂಜೆ ಹೊತ್ತು ಪುರಾಣ ಪ್ರವಚನಗಳು ನಡೆಯುತ್ತಿದ್ದವು. ಪ್ರವಚನಕ್ಕೆ ಬರುವ ಹೆಂಗಸರು ಹಾಗೇ ನೋಡಿಕೊಂಡು ಹೋಗಲಿ ಎಂದು ಬಾಗಿಲ ಬಳಿಯೇ ಮೇಜು ಹಾಕಿಸಿದರು. ಬಿಳಿ ಬಟ್ಟೆ ಹಾಸಿ, ಹಿತ್ತಾಳೆ ತಟ್ಟೆಗಳಲ್ಲಿ ಬಗೆಬಗೆಯ ಮಣ್ಣು ಇಡಿಸಿದರು. ನಡುವಿನ ದೊಡ್ಡ ತಟ್ಟೆಯಲ್ಲಿ ಜರಡಿ ಹಿಡಿದ ಗೊಬ್ಬರ, ನಯವಾಗಿ, ಕಪ್ಪಗೆ, ಗುಡ್ಡೆ ಹಾಕಿತ್ತು. ಜನ ಮುಟ್ಟಿ, ಮೂಸಿ ನೋಡಬೇಕು ಎನ್ನುವುದು ರಾಯರ ಆಸೆ. ನಮ್ಮ ಜವಾನ ವೆಂಕಟಪ್ಪನಿಗೆ ಅದೇ ಭಯ. ಎಲ್ಲಾದರೂ ವಾಸನೆ ಬಂದು ಮರ್ಯಾದೆ ಹೋದೀತೆಂದು ಅವನು ಯಾರನ್ನೂ ಕೇಳದೆ ಆ ತಟ್ಟೆಯ ಎರಡು ಪಕ್ಕದಲ್ಲೂ ಊದುಬತ್ತಿ ಹಚ್ಚಿಟ್ಟ.

ಮುಂದಿನದು ನಮ್ಮ ಬಸವನಗುಡಿಯಲ್ಲಿ ಮಾತ್ರ ನಡೆಯಬಹುದಾದದ್ದು. ಮೊದಲು ಬಂದವರು ಸೀತಾಬಾಯಿ. ನಮ್ಮ ಬೀದಿಯ ಹಿರಿಯರು, ಅಮ್ಮನ ಗೆಳತಿ, ಮಡಿ ಮೈಲಿಗೆಯ ವಿಷಯದಲ್ಲಿ ಅವರ ಮಾತೇ ಕೊನೆಯದು. ಗುರುಗಳ ಬೃಂದಾವನದಿಂದ ತಂದ ಮೃತ್ತಿಕೆಯನ್ನು ಹಣೆಗಿಟ್ಟುಕೊಳ್ಳುವುದು ಅವರ ಮನೆಯ ನಿತ್ಯದ ಪದ್ಧತಿ. ಪ್ರವಚನದ ಬಾಗಿಲು, ಹಿತ್ತಾಳೆ ತಟ್ಟೆ, ಊದುಬತ್ತಿ, ನಯವಾದ ಮಣ್ಣು. ಅವರು ಒಂದು ಕ್ಷಣವೂ ಅನುಮಾನಿಸಲಿಲ್ಲ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡರು. ಅವರ ಹಿಂದಿದ್ದವರೂ ಹಾಗೇ ಮಾಡಿದರು. ನೋಡುನೋಡುತ್ತಿದ್ದಂತೆ ಸಾಲು ಬೆಳೆಯಿತು. ಒಬ್ಬರು ಸೆರಗಿನ ತುದಿಗೆ ಒಂದಿಷ್ಟು ಕಟ್ಟಿಕೊಂಡರು. ಇನ್ನೊಬ್ಬರು ವೆಂಕಟಪ್ಪನ ಮುಂದೆ ಕೈಯೊಡ್ಡಿ, "ತೀರ್ಥ ಇಲ್ವೇನಪ್ಪಾ?" ಎಂದರು.

ನನಗೆ ಸುಮ್ಮನಿದ್ದುಬಿಡೋಣ ಎಂದೇ ಅನಿಸಿತು. ಗೊತ್ತಾಗದಿದ್ದರೆ ಯಾರಿಗೇನು ನಷ್ಟ? ಆದರೆ ರಾಯರು ನೇರವಾಗಿ ಮುಂದೆ ಹೋಗಿ ಕೈಮುಗಿದರು.

"ತಾಯಿ, ಕ್ಷಮಿಸ್ಬೇಕು. ಇದು ಮೃತ್ತಿಕೆ ಅಲ್ಲ. ಊರಿನ ಕಸದಿಂದ ಮಾಡಿದ ಗೊಬ್ಬರ."

"ಕಸ ಅಂದ್ರೆ? ಯಾವ ಕಸ?"

"ಎಲ್ಲಾ ಕಸಾನೂ."

ಆ 'ಎಲ್ಲಾ' ಎನ್ನುವುದು ಸಾಲಿನ ಕೊನೆಯವರೆಗೂ ತಲುಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸೀತಾಬಾಯಿ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ, ನಾನು ಇದನ್ನು ಚೆನ್ನಾಗಿ ಬಲ್ಲೆ, ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದರು.

"ವಾಸನೆ ಇಲ್ವಲ್ಲ."

"ಇಲ್ಲ ತಾಯಿ. ಅದನ್ನ ತೋರ್ಸೋಕೇ ಕರೆದದ್ದು."

"ಮೊದಲೇ ಬಾಯಿ ಬಿಟ್ಟು ಹೇಳೋಕೇನ್ರೀ ಧಾಡಿ ನಿಮ್ಗೆ!" ಎಂದವರೇ ಸರಸರನೆ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರು. ಇಡೀ ಬೀದಿಯೇ ಅವತ್ತು ತಲೆಗೆ ಸ್ನಾನ ಮಾಡಿತು. ನಮ್ಮ ಪ್ರದರ್ಶನ ಅಲ್ಲಿಗೆ ಮುಗಿಯಿತು. ವೆಂಕಟಪ್ಪ ಅಳುವ ಮುಖ ಮಾಡಿಕೊಂಡು ತಟ್ಟೆ ಎತ್ತಿದ. ನಾನು ರಾಯರಿಗೆ, "ಸುಮ್ನಿದ್ದಿದ್ರೆ ಆಗ್ತಿತ್ತು ಸಾರ್" ಎಂದೆ. "ಸುಳ್ಳು ಹೇಳಿ ಮಾರಿದ ಸೊಪ್ಪು ಒಂದು ವಾರ ನಡೆಯತ್ತೆ ಕಣ್ರೀ" ಎಂದರು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಗೌರಮ್ಮ, ಕರೆಯುವವರಿಲ್ಲದಿದ್ದರೂ ಅಭ್ಯಾಸಬಲದಿಂದ, ನಮ್ಮ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದಾಗ ಸೀತಾಬಾಯಿಯವರ ಬಾಗಿಲು ತೆರೆಯಿತು.

"ಏ ಗೌರಾ, ಬಾ ಇಲ್ಲಿ. ಇಳಿಸು ಬುಟ್ಟಿ."

"ಯಾಕ್ರಮ್ಮ, ಬಯ್ಯಾಕಾ?"

"ಹಣೆಗಿಟ್ಕೊಂಡಾಯ್ತು, ಬದುಕೇ ಇದೀನಿ. ಪಂಚಗವ್ಯ ಕುಡಿಯೋ ಬಾಯಿ ನಮ್ದು. ಅದ್ರಲ್ಲಿ ಏನೇನಿರತ್ತೆ ಅಂತ ಯಾರಾದ್ರೂ ಕೇಳ್ತೀವಾ? ಹಾಕು ಎರಡು ಕಟ್ಟು. ಕೊಸರು ಮರೀಬೇಡ."

ಅವರ ಬಾಗಿಲು ತೆರೆದ ಮೇಲೆ ಉಳಿದವು ಮುಚ್ಚಿರಲು ಸಾಧ್ಯವಿರಲಿಲ್ಲ. ಅಮ್ಮನ ಏಕಾದಶಿಯೂ ಮುಗಿಯಿತು. ಆದರೆ ನಿಜ ಹೇಳಬೇಕಲ್ಲ, ಪಂಚಗವ್ಯದ ಮಾತು ಸೀತಾಬಾಯಿಯವರದಲ್ಲ, ತಮ್ಮದೇ ಎಂದು ಅಮ್ಮ ಕೊನೆಯವರೆಗೂ ವಾದಿಸುತ್ತಿದ್ದರು. ಇಬ್ಬರೂ ಈಗಿಲ್ಲ. ನಾನು ಆ ಬೆಳಿಗ್ಗೆ ಜಗಲಿಯಲ್ಲಿದ್ದೆ ಎನ್ನುವುದೂ ನನಗೆ ಪೂರ್ತಿ ಖಾತ್ರಿಯಿಲ್ಲ. ತಲೆಗೆ ಸ್ನಾನ ಮಾತ್ರ ನಿಜ. ಅವತ್ತು ನಮ್ಮ ಬಾವಿಯ ರಾಟೆ ಸಂಜೆಯೆಲ್ಲ ಕಿರುಗುಟ್ಟಿದ್ದು ನನಗೆ ಇವತ್ತಿಗೂ ಕೇಳುತ್ತದೆ.

ಆಮೇಲಿನ ವರ್ಷಗಳು ನನ್ನ ಕೆಲಸದ ಅತ್ಯಂತ ಒಳ್ಳೆಯ ವರ್ಷಗಳು. ಮುನಿಹನುಮಯ್ಯ ಪ್ರತಿ ಬೆಳೆಗೂ ಗೊಬ್ಬರ ಹಾಕಿದ, ಕೆರೆಯ ಗೋಡುಮಣ್ಣು ತಂದು ಬೆರೆಸಿದ, ಉದುರಿದ ಎಲೆಯನ್ನೂ ಸುಡಲು ಬಿಡಲಿಲ್ಲ. ನಾವು ಸುತ್ತ ಬದು ಹಾಕಿಸಿದೆವು. ಸೀಮೆಗೊಬ್ಬರ ಬಂದಾಗ ನಾನು ಉತ್ಸಾಹದಿಂದ ಸಲ್ಫೇಟಿನ ಚೀಲ ಹೊತ್ತು ಹೊರಟೆ. ರಾಯರು, "ಅದು ಕಾಫಿ ಇದ್ದ ಹಾಗೆ. ಕೊಡಿ, ಬೇಡ ಅನ್ನಲ್ಲ. ಊಟದ ಬದಲು ಕೊಡ್ಬೇಡಿ" ಎಂದರು. ಗುದ್ದಲಿ ಠಣ್ ಎನ್ನುತ್ತಿದ್ದ ಜಾಗದಲ್ಲಿ ಈಗ ಕೈ ಇಟ್ಟರೆ ಬೆರಳು ಇಳಿಯುತ್ತಿತ್ತು. ಒಂದು ಗೇಣು ಕಪ್ಪು ಮಣ್ಣು ನಿಂತಿತ್ತು. ಹೊರಗಿನಿಂದ ಅಧಿಕಾರಿಗಳು ಬಂದರೆ ನಾವು ಮೊದಲು ಕರೆದೊಯ್ಯುತ್ತಿದ್ದುದು ಅಲ್ಲಿಗೇ. ಬಡ್ತಿ ಸಿಕ್ಕ ದಿನ ನನಗೆ ನೆನಪಿಲ್ಲ. ಆ ಮಣ್ಣಿನಲ್ಲಿ ಮೊದಲ ಸಲ ಎರೆಹುಳು ಕಂಡ ದಿನ ನೆನಪಿದೆ.

ಅಷ್ಟರಲ್ಲಿ ಊರು ಬೆಳೆಯಿತು. ರಸ್ತೆ ಹತ್ತಿರ ಬಂತು. ಚನ್ನಬಸಪ್ಪನವರು ನೆಲವನ್ನು ಸೈಟು ಮಾಡಿ ಮಾರಲು ನಿರ್ಧರಿಸಿದರು. ಬೆಳೆ ತೆಗೆದ ಮೇಲೆ ಬಿಟ್ಟುಕೊಡು ಎಂದು ಹೇಳಿ ಕಳಿಸಿದರು. ಮುನಿಹನುಮಯ್ಯ ಉತ್ತರಹಳ್ಳಿಯ ಕಡೆ ಒಂದು ತುಂಡು ನೆಲ ನೋಡಿಕೊಂಡ. ಅದೂ ಕೆಂಪು, ಅದೂ ಬೋಳು. ಆಮೇಲೆ ಗಂಡ ಹೆಂಡತಿ ಇಬ್ಬರೂ ನಮ್ಮ ಕಚೇರಿಗೆ ಬಂದರು.

"ನೆಲ ಅವ್ರದ್ದು, ಬಿಡ್ತೀನಿ," ಎಂದ ಅವನು. "ಮಣ್ಣು ನನ್ದು. ತಗೊಂಡ್ ಹೋಯ್ತೀನಿ."

ಕಚೇರಿಯಲ್ಲಿ ನಗು ಎದ್ದಿತು. ನಾನೂ ನಕ್ಕೆನೆಂದು ಕಾಣುತ್ತದೆ. ಮಣ್ಣು ನೆಲದ ಭಾಗ, ಅದನ್ನು ಬೇರೆ ಮಾಡಲಾಗದು ಎಂದು ತಿಳಿಸಿ ಹೇಳಲು ಹೊರಟೆ.

"ಮಾಡಿದ್ದು ಯಾರು?" ಎಂದು ಗೌರಮ್ಮ ಕೇಳಿದಳು. "ಅಲ್ಲಿಗೆ ಹೋಗಿ ಮತ್ತೆ ಮೊದ್ಲಿಂದ ಗುದ್ಲಿ ಅಳಿಸೋ ವಯಸ್ಸಾ ಇವಪ್ಪಂದು? ಮಣ್ಣಿಲ್ದೆ ಹೋದ್ರೆ ಗಿರಣೀಗೇ ಸೈ."

ಅವಳು ಹೇಳಿದ್ದು ಸರಿ. ಆ ಮಣ್ಣಿಲ್ಲದೆ ಅವರಿಗೆ ತೋಟವೇ ಇರಲಿಲ್ಲ. ತೊಂದರೆ ಏನೆಂದರೆ, ಬಂಗಲೆಗಳ ಗುಲಾಬಿ ತೋಟಕ್ಕೆ ಆ ಕಪ್ಪು ಮಣ್ಣನ್ನು ಕೊಡುವುದಾಗಿ ಚನ್ನಬಸಪ್ಪನವರು ಆಗಲೇ ಯಾರಿಗೋ ಮಾತು ಕೊಟ್ಟಿದ್ದರು. ಇನ್ನೊಂದು ತೊಂದರೆ ನಮ್ಮದೇ. ಹೊಲದಿಂದ ಮಣ್ಣು ಹೊರಗೆ ಹೋಗದಂತೆ ತಡೆಯುವ ಕಚೇರಿ, ಮಣ್ಣು ಸಾಗಿಸುವವನ ಪರವಾಗಿ ನಿಲ್ಲುವುದು ಹೇಗೆ? ಅದನ್ನೇ ಕೇಳಿದೆ. ರಾಯರು ಪೇಟ ಇಟ್ಟುಕೊಳ್ಳುತ್ತ, "ಮಳೆ ಹೊತ್ಕೊಂಡ್ ಹೋದ್ರೆ ನಷ್ಟ. ಇವನು ಹೊತ್ಕೊಂಡ್ ಹೋದ್ರೆ ಅದೇ ಸಂರಕ್ಷಣೆ. ನಡೀರಿ ಎಲ್ರೂ ಪೇಟೆಗೆ" ಎಂದರು.

ಚನ್ನಬಸಪ್ಪನವರ ಅಂಗಡಿ ಬೆಲ್ಲ ಮತ್ತು ಹೊಸ ಗೋಣಿಯ ವಾಸನೆಯಿಂದ ತುಂಬಿತ್ತು. ಅಂಗಡಿಯ ಮೇಲೆಯೇ ಅವರ ಹೊಸ ಮನೆ. ಹಣೆಯ ತುಂಬ ವಿಭೂತಿ, ಗಾದಿಯ ಮೇಲೆ ಕುಳಿತಿದ್ದರು.

"ಬನ್ನಿ ರಾಯರೇ, ಬನ್ನಿ. ಮಣ್ಣಿನ ಸಾಹೇಬ್ರು ದಿನಸಿ ಅಂಗಡೀಗೆ ಬಂದ್ರು ಅಂದ್ರೆ ನನ್ಗೇನೋ ಗ್ರಹಚಾರ ಕಾದಿದೆ."

ರಾಯರು ವಿಷಯ ಹೇಳಿದರು. ಚನ್ನಬಸಪ್ಪನವರು ತಲೆಯಾಡಿಸಿದರು. "ನೆಲ ನನ್ದು ಅಂದ್ಮೇಲೆ ಅದ್ರ ಮೇಲಿರೋದು ನನ್ದೇ ಅಲ್ವಾ? ಮರ ಬೆಳೆದ್ರೆ ಮರ ನನ್ದು. ಬಾವಿ ತೋಡಿದ್ರೆ ಬಾವಿ ನನ್ದು. ಮಣ್ಣೇನು ಬೇರೆ?"

"ನೀವು ಇವನಿಗೆ ನೆಲ ಕೊಟ್ಟಾಗ ಮೇಲೆ ಮಣ್ಣಿತ್ತಾ?"

"...ಇರ್ಲಿಲ್ಲ. ಇಟ್ಟಿಗೆಗೆ ಹೋಗಿತ್ತಲ್ಲ."

"ಆ ಇಟ್ಟಿಗೆ ಎಲ್ಲಿ?"

ಚನ್ನಬಸಪ್ಪನವರು ಒಮ್ಮೆ ಮೇಲೆ ನೋಡಿದರು. ನಾವೂ ನೋಡಿದೆವು.

"ನಿಮ್ಮ ಮಣ್ಣು ನಿಮ್ಮ ಗೋಡೇಲಿದೆ," ಎಂದರು ರಾಯರು. "ಅವನ ಮಣ್ಣು ಅವನ ತೋಟದಲ್ಲಿದೆ."

ಬಾಗಿಲ ಬಳಿ ನಿಂತಿದ್ದ ಗೌರಮ್ಮ ಸುಮ್ಮನಿರಲಿಲ್ಲ. "ಧಣೀ, ನಿಮ್ಮ ಗೋಡೆ ಕೊಡಿ ಅಂತ ನಾವೇನ್ ಕೇಳಾಕ್ ಬಂದಿಲ್ಲ."

ಒಂದು ಗಳಿಗೆ ಏನಾಗುತ್ತದೋ ಎನಿಸಿತು. ಆಮೇಲೆ ಚನ್ನಬಸಪ್ಪನವರ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮೂಲೆಯಲ್ಲಿ ಮಡಿಸಿಟ್ಟಿದ್ದ ಗೋಣಿಚೀಲಗಳ ಕಡೆ ಕೈ ತೋರಿಸಿದರು. "ಪೇಟೇಲಿ ಒಂದು ಪದ್ಧತಿ ಇದೆ ರಾಯರೇ. ಖಾಲಿ ಚೀಲ ಕೊಟ್ಟೋನು ಖಾಲಿ ಚೀಲಾನೇ ವಾಪಸ್ ಇಸ್ಕೋಬೇಕು. ತುಂಬಿದ್ದು ಕೇಳಿದ್ರೆ ನಾಳೆ ನನ್ನ ಯಾರೂ ಪಕ್ಕದಲ್ಲಿ ಕೂರಿಸಲ್ಲ. ತಗೊಂಡ್ ಹೋಗ್ಲಿ. ಗುಲಾಬಿಯೋರಿಗೆ ನಾನ್ ಹೇಳ್ಕೋತೀನಿ." ಆಮೇಲೆ ಮುನಿಹನುಮಯ್ಯನ ಕಡೆ ಬೆರಳು ತೋರಿ, "ಆದ್ರೆ ಕೆಂಪು ಕಂಡ ತಕ್ಷಣ ನಿಲ್ಲಿಸ್ಬೇಕು. ಕೆಂಪು ನನ್ದು" ಎಂದರು.

ಖಾಲಿ ಚೀಲದ ಮಾತನ್ನು ಅವರೇ ಆಡಿದರೋ, ರಾಯರು ಆಡಿದ್ದನ್ನು ಅವರು ಒಪ್ಪಿದರೋ, ಈ ಬಗ್ಗೆ ನಾನು ಪ್ರಮಾಣ ಮಾಡಲಾರೆ. ಗೋಣಿಯ ಕಡೆ ಚಾಚಿದ ಕೈಯಂತೂ ಕಣ್ಣಿಗೆ ಕಟ್ಟಿದಂತಿದೆ.

ಮಣ್ಣು ಸಾಗಿಸುವುದನ್ನು ನಾವು ನಮ್ಮ ಕೆಲಸವೆಂದೇ ಮಾಡಿದೆವು. ಹಸಿಯಿದ್ದಾಗ ಮುಟ್ಟಬಾರದು, ಮುದ್ದೆಯಾಗುತ್ತದೆ. ತೀರ ಒಣಗಿದಾಗಲೂ ಬೇಡ, ಗಾಳಿಗೆ ಹಾರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಜಾಗದಲ್ಲಿ ಬದು ಮುಗಿಯುವವರೆಗೆ ಒಂದು ಬುಟ್ಟಿಯೂ ಹೋಗಬಾರದು. ಇಲ್ಲದಿದ್ದರೆ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಉತ್ತರಹಳ್ಳಿಯ ಆ ನೆಲದ ಇಳಿಜಾರು ಅಳೆದು ಗೂಟ ನೆಟ್ಟವನು ನಾನು. ಇಲಾಖೆಯಲ್ಲಿ ಎಷ್ಟೋ ಮೈಲಿ ಬದು ಹಾಕಿಸಿದ್ದೇನೆ, ಅವುಗಳಲ್ಲಿ ಬಹುಪಾಲು ಇದ್ದ ಮಣ್ಣನ್ನು ಕಾಯಲು. ಬರಲಿರುವ ಮಣ್ಣಿಗಾಗಿ ಕಾದು ನಿಂತ ಬದು ಅದೊಂದೇ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ.

ಗಾಡಿಗಳು ಹೋದದ್ದು ನನ್ನ ಕಣ್ಣ ಮುಂದೆ ಹೀಗಿದೆ: ನೆರೆಯ ತೋಟದವರು ಕೊಟ್ಟ ಎತ್ತಿನ ಗಾಡಿಗಳು ಬಸವನಗುಡಿಯ ರಸ್ತೆಯಲ್ಲಿ ಒಂದರ ಹಿಂದೊಂದು ಸಾಗುತ್ತಿವೆ. ಮುಂದಿನ ಗಾಡಿಯ ಮಣ್ಣಿನ ಮೇಲೆ ಗೌರಮ್ಮ ಕುಳಿತಿದ್ದಾಳೆ. ಯಾರೋ ಕೂಗುತ್ತಾರೆ, "ಏನ್ ಗೌರಮ್ಮ, ಮಣ್ಣು ಹೊತ್ಕೊಂಡ್ ಎಲ್ಲಿಗೆ ಸವಾರಿ?" ಅವಳು ತಿರುಗಿ, "ಮಗಳನ್ನ ಗಂಡನ ಮನೇಗೆ ಕಳಿಸ್ತಿದೀನಿ, ಆರತಿ ಎತ್ತು ಬಾರಯ್ಯ!" ಎನ್ನುತ್ತಾಳೆ. ಆದರೆ ಆ ಬೇಸಿಗೆಯಲ್ಲಿ, ಬದು ಮುಗಿದ ಕೂಡಲೇ, ನನ್ನನ್ನು ಬೇರೆ ತಾಲ್ಲೂಕಿಗೆ ಕಳಿಸಿದ್ದರು. ಎರಡೂ ನಿಜವಾಗಿರಲಾರವು. ರಾಯರು ಹೇಳಿದ್ದನ್ನೇ ನಾನು ಕಂಡಂತೆ ಕಟ್ಟಿಕೊಂಡಿರಬೇಕು. ನಾನು ಮರಳಿ ಬರುವ ಹೊತ್ತಿಗೆ ರಾಯರಿಗೆ ನಿವೃತ್ತಿಯಾಗಿತ್ತು. ಕೆರೆಯ ಕೆಳಗಿನ ನೆಲದಲ್ಲಿ ಪಾಯ ತೋಡುತ್ತಿದ್ದರು.

ನನಗೂ ನಿವೃತ್ತಿಯಾದ ಮೇಲೆ, ಹೊಸಬರಿಗೆ ಪಾಠ ಹೇಳಲು ಒಮ್ಮೆ ಕರೆದಿದ್ದರು. ಈ ಕಥೆ ಹೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ, "ಸಾರ್, ಅಷ್ಟು ಮಣ್ಣು ಗಾಡೀಲಿ ಸಾಗ್ಸೋಕಾಗತ್ತಾ? ಒಂದೆರಡು ಗಾಡಿ ಹೋಗಿರ್ಬೋದು. ಉಳಿದದ್ದು ನಿಮ್ಮ ಸಾಹೇಬ್ರು ಸೇರಿಸಿದ್ದಿರ್ಬೋದಲ್ವಾ?" ಎಂದಳು. ತರಗತಿ ನಕ್ಕಿತು. ಅವಳ ಪ್ರಶ್ನೆ ಸರಿಯಾಗಿತ್ತು. ನಾನೇ ಅವಳ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ.

ಮುಂದಿನ ವಾರ ಬಸ್ಸು ಹತ್ತಿ ಉತ್ತರಹಳ್ಳಿಯ ಕಡೆ ಹೋದೆ. ಮುನಿಹನುಮಯ್ಯ, ಗೌರಮ್ಮ ಇಬ್ಬರೂ ತೀರಿಕೊಂಡಿದ್ದರು. ಸೊಸೆ ತೋಟ ನೋಡಿಕೊಳ್ಳುತ್ತಿದ್ದಳು. ಗಾಡಿಗಳ ಕಥೆ ಅವಳಿಗೂ ಬಾಯಿಪಾಠವಾಗಿತ್ತು. ಆದರೆ ಕೇಳಿದ ಮಾತು ಸಾಕ್ಷಿಯಲ್ಲ. ಅವಳ ಅಪ್ಪಣೆ ಪಡೆದು ಗುದ್ದಲಿ ತೆಗೆದುಕೊಂಡೆ. ಒಂದು ಗೇಣು ಕಪ್ಪು, ಕೆಳಗೆ ಕೆಂಪು. ಅದರಿಂದಲೂ ಏನೂ ಸಾಬೀತಾಗುವುದಿಲ್ಲ. ಇಷ್ಟು ವರ್ಷ ದನದ ಗೊಬ್ಬರ ಹಾಕಿದ ಯಾವ ತೋಟವಾದರೂ ಕಪ್ಪಾಗುತ್ತದೆ. ಊರಿನ ಕಸದ ಗೊಬ್ಬರ ಇಲ್ಲಿಗೆ ಯಾವತ್ತಾದರೂ ಬಂದಿತ್ತೇ ಎಂದು ಕೇಳಿದೆ. "ಇಲ್ಲಿಗ್ಯಾರ್ ತತ್ತಾರೆ ಸೋಮಿ? ನಮ್ದೆಲ್ಲ ಕೊಟ್ಟಿಗೆ ಗೊಬ್ರ" ಎಂದಳು. ಆಗ ಆ ಕಪ್ಪು ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ತೊಳೆದು, ತಳದಲ್ಲಿ ಉಳಿದದ್ದನ್ನು ಅಂಗೈಗೆ ಹಾಕಿಕೊಂಡೆ. ಪೇಟೆಯ ಬೀದಿ ಕಸದಲ್ಲಿ ಮಾತ್ರ ಇರುವಂಥದ್ದು, ಎಷ್ಟು ಜರಡಿ ಹಿಡಿದರೂ ಸಂದಿಯಲ್ಲಿ ನುಸುಳಿ ಬರುವಂಥದ್ದು: ಗಾಜಿನ ಬಳೆಯ ಚೂರುಗಳು, ಪಿಂಗಾಣಿ ಬಟ್ಟಲಿನ ಚಕ್ಕೆ, ಬಳಪದ ತುಂಡು. ತೋಟದ ನಾಲ್ಕು ಮೂಲೆಯಲ್ಲೂ ನಡುವೆಯೂ ಅಗೆದು ತೊಳೆದೆ, ಎಲ್ಲ ಕಡೆಯೂ ಸಿಕ್ಕವು. ಬದು ದಾಟಿ ಪಕ್ಕದ ಹೊಲದಲ್ಲಿ ಅಗೆದೆ. ಅಲ್ಲಿ ಮೇಲಿನಿಂದಲೇ ಕೆಂಪು, ಒಂದು ಚೂರೂ ಇರಲಿಲ್ಲ.